ಬಾವಿಯ ಮದ್ದು ಸಿಡಿದ ಮಧ್ಯಾಹ್ನ

ತಿಕೋಟಾ
೧೮ ಫೆಬ್ರವರಿ ೧೯೭೪

ನನ್ನ ರಾಬರ್ಟ್‌ಸನ್‌ಪೇಟೆಯ ಯಜಮಾನರಿಗೆ ಮಾಸುಮಬಿಯ ಸಲಾಂ.

ಮಗಳು ಆರಾಮವಾಗಿದ್ದಾಳೆ. ಮೂಗು ನಿಮ್ಮದು, ಹಟವೂ ನಿಮ್ಮದೇ. ಬಾಣಂತನದ ನಲವತ್ತು ದಿನ ಮುಗಿದವು. ಇನ್ನು ನಾನು ಅಲ್ಲಿಗೆ ಹೊರಡಬೇಕು, ಆದರೆ ಅಪ್ಪ ಬಿಡುತ್ತಿಲ್ಲ. ವಿಜಾಪುರದ ಸ್ಟೇಷನ್ ರಸ್ತೆಯ ಮಶೀನು ರಿಪೇರಿ ಅಂಗಡಿಯಲ್ಲಿ ನಿಮಗೊಂದು ಕೆಲಸ ನೋಡಿಟ್ಟಿದ್ದಾನೆ. "ಚಿನ್ನದ ಗಣ್ಯಾಗ ಇಳಿಯೋ ಗಂಡನ ಹಂತೇಕ ನನ್ನ ಮಗಳನ್ನ ಕಳಸಂಗಿಲ್ಲ. ಬೇಕಾದ್ರ ಅಂವನ ಇಲ್ಲಿಗಿ ಬರ್ಲಿ" ಅಂದ.

ನಾನೂ ಹೂಂ ಅಂದೆ. ಮನಸಾರೆ ಅಂದೆ. ನಿಮ್ಮ ಆ ಪೇಟೆ ನನಗೆ ಎಂದೂ ಸೇರಲಿಲ್ಲ. ಚಿನ್ನದ ಭರಾಟೆಯಲ್ಲಿ ಇಂಗ್ಲಿಷರ ಕಾಲಕ್ಕೆ ಎದ್ದ ಕಮಾನಿನ ಅಂಗಡಿಗಳು. ಈಗ ಗೋಡೆಯ ಮೇಲೆ ಚಿನ್ನ ಮಾರುತ್ತಿದ್ದ ಸರಾಫರ ಹೆಸರು, ಒಳಗೆ ಈರುಳ್ಳಿ ಚೀಲ. ಓಣಿಗಳೆಲ್ಲ ಒಂದೇ ಥರ, ಎಷ್ಟೋ ದಿನ ನಮ್ಮ ಮನೆಯೇ ನನಗೆ ಸಿಗುತ್ತಿರಲಿಲ್ಲ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಇಡೀ ಬಜಾರು ನಡುಗುತ್ತಿತ್ತು. ಆಗ ಹೆಂಗಸರೆಲ್ಲ ಓಣಿಗೆ ಬಂದು, ಪಾಳಿಯವರು ಮೇಲೆ ಬಂದ ಸುದ್ದಿ ಸಿಗುವವರೆಗೆ ನಿಲ್ಲುತ್ತಿದ್ದರು. ಪಕ್ಕದ ಮನೆಯ ಅಂಥೋನಿಯಮ್ಮ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಅವಳ ತಮಿಳು ನನಗೆ ತಿಳಿಯದು, ನನ್ನ ಕನ್ನಡ ಅವಳಿಗೆ ತಿಳಿಯದು.

ಮೊನ್ನೆ ಮಧ್ಯಾಹ್ನ ನಮ್ಮ ಹಿತ್ತಲಾಚೆಯ ಹೊಲದಲ್ಲಿ ಬಾವಿ ತೋಡುವವರು ಮದ್ದು ಸಿಡಿಸಿದರು. ಅಡುಗೆಮನೆಯ ಪಾತ್ರೆಗಳು ಗಲಗಲ ಅಂದವು. ಕೂಸನ್ನು ಎತ್ತಿಕೊಂಡು ಓಣಿಗೆ ಓಡಿ ನಿಂತುಬಿಟ್ಟೆ. ತಲೆಯ ಮೇಲೆ ಸೆರಗಿರಲಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬೇರೆ ಯಾರೂ ಹೊರಗೆ ಬರಲಿಲ್ಲ. ಇವರಿಗೇನು ಗಂಡಂದಿರಿಲ್ಲವೇ ಎಂದು ಸಿಟ್ಟೇ ಬಂತು ನನಗೆ. ಅವ್ವ ಬಂದು ರಟ್ಟೆ ಹಿಡಿದಳು. "ಯಾರ ಹಾದಿ ನೋಡಾಕತ್ತೀ ಬೇ? ಬಾವಿ ತೋಡಾಕತ್ತಾರ" ಅಂದಳು. ಆಮೇಲೆ ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅಳು ಬಂತು, ಅವ್ವ ಕೂಸನ್ನು ತಾನು ಎತ್ತಿಕೊಂಡಳು.

ಅಲ್ಲಿದ್ದಾಗ ತಿಕೋಟಾ ತಿಕೋಟಾ ಎಂದು ನಿಮ್ಮ ತಲೆ ತಿಂದವಳು ನಾನು. ಇಲ್ಲಿ ಈಗ ರಾತ್ರಿ ನಿದ್ದೆ ಇಲ್ಲ. ಅಲ್ಲಿಗೆ ಬರಲು ಹೆದರಿಕೆ. ಬರದಿದ್ದರೆ, ಆ ಪೇಟೆ ನಡುಗಿದ ದಿನ ನಿಮಗಾಗಿ ಓಣಿಯಲ್ಲಿ ನಿಲ್ಲುವವರು ಯಾರು? ಒಂದೂ ಬಗೆಹರಿಯುತ್ತಿಲ್ಲ. ಆದರೂ ಅಪ್ಪನಿಗೆ ಮಾತು ಕೊಟ್ಟಿದ್ದೇನೆ, ಅದಕ್ಕೆ ಬರೆಯುತ್ತೇನೆ: ಗಣಿ ಬಿಟ್ಟು ಬಂದುಬಿಡಿ.

ನಿಮ್ಮ
ಮಾಸುಮಬಿ

ತಾ.ಕ.: ಅಲ್ಲಿಯ ನಮ್ಮ ಮನೆಯ ನಡುತೊಲೆ ತೊಟ್ಟಿಲು ತಡೆಯುತ್ತದೆಯೇ, ಜೋತುಬಿದ್ದು ನೋಡಿ. ಅಪ್ಪನಿಗೆ ಏನೂ ಬರೆಯಬೇಡಿ.