ಕನ್ನಡಕದ ಅಂಗಡಿಯ ಮುಂದೆ

ನವೆಂಬರ್ ೯, ಭಾನುವಾರ ಬೆಳಿಗ್ಗೆ

ಚಿಗರೆಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದ ಗುರುವಾರ ಬಂತು. ನಾಲ್ಕೇ ಸಾಲು. ಹೆರಿಗೆಗೆ ನಾನು ಬರುವುದು ಬೇಡ, ಹದಿನಾಲ್ಕು ದಿನ ಪಕ್ಕದಲ್ಲೇ ನಡೆದೂ ತುಟಿ ಬಿಚ್ಚದವಳು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಏನು ಮಾಡುತ್ತೀಯ ಎಂದು ಕೇಳಿದ್ದೀಯ. ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಕಾರಣ ನೀನು ಅಂದುಕೊಂಡದ್ದಲ್ಲ. ಅದನ್ನು ಬರೆದುಬಿಡುತ್ತೇನೆ, ಆಮೇಲೆ ನಿನ್ನಿಷ್ಟ.

ಮೊದಲು ಸಣ್ಣದೊಂದು ಒಪ್ಪಿಕೊಳ್ಳುತ್ತೇನೆ. ನಿಮ್ಮ ಮನೆಗೆ ಬಂದ ದಿನವೇ ನಿನ್ನ ನಡಿಗೆಯ ಬೂಟುಗಳನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟವಳು ನಾನೇ. ಅಳಿಯಂದಿರು ಪಾಪ, ತಾವೇ ಎಲ್ಲೋ ಇಟ್ಟು ಮರೆತೆವೆಂದು ಮಂಚದ ಕೆಳಗೆಲ್ಲ ತಡಕಾಡಿದರು. ಏಳು ತಿಂಗಳ ಬಸುರಿ ಕಾಲು ಚಾಚಿ ಕೂರಬೇಕು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ನಿನ್ನನ್ನು ಹೊತ್ತಾಗ ನಾನು ಆಫೀಸಿನ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕುಳಿತು ಎಂಟು ತಿಂಗಳು ಗುಂಡಿ ಒತ್ತಿದೆ. ಸಂಜೆಗೆ ಕಾಲು ಬಾತು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಓಡಾಡು ಎಂದು ಆಗ ಯಾರೂ ಹೇಳಲಿಲ್ಲ.

ಮರುದಿನ ನಿನ್ನ ಡಾಕ್ಟರಮ್ಮ ನನ್ನೆದುರಿಗೇ ಎಲ್ಲ ಬಿಡಿಸಿ ಹೇಳಿದರು. ತೊಂದರೆಯಿಲ್ಲದ ಬಸಿರು, ದಿನಕ್ಕೆ ಅರ್ಧ ಗಂಟೆ ನಡೆಯಲಿ, ಈಜಲಿ, ಮೇಲಿಂದ ಧುಮುಕುವುದು ಮಾತ್ರ ಬೇಡ, ಆಗಾಗ ನೀರು ಕುಡಿಯಲಿ ಎಂದರು. ತಲೆ ಸುತ್ತಿದರೆ, ಎದೆ ನೋವು ಬಂದರೆ, ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ ತಮ್ಮ ಬಳಿ ಬರಬೇಕು ಎಂದರು. ಈಜು ಕಲಿಸುವ ನಿನಗೆ ಅದೆಲ್ಲ ಗೊತ್ತಿದ್ದದ್ದೇ. ಕೊನೆಗೆ ನನ್ನ ಕಡೆ ತಿರುಗಿ ಹೇಳಿದ್ದು ಮಾತ್ರ ನನಗೆ ಹಾಗೇ ನೆನಪಿದೆ.

"ನಡೀತಾ ಮಾತಾಡೋಕೆ ಆಗ್ಬೇಕು ಅಮ್ಮ. ಮಾತು ನಿಂತ್ರೆ ನಡಿಗೆ ಜಾಸ್ತಿ ಆಯ್ತು ಅಂತ ತಿಳ್ಕೊಳ್ಳಿ. ನೀವು ಜೊತೆಗೆ ಹೋಗಿ, ಮಾತಾಡಿಸ್ತಾ ಇರಿ."

ಸಂಜೆಗೆ ಬೂಟುಗಳು ತಾವಾಗಿಯೇ ಸಿಕ್ಕವು. ಮೊದಮೊದಲು ನೀನೇ ಮಾತಾಡಿದೆ. ಮಗು ಒದೆಯುವ ಹೊತ್ತು, ನೀರಿಗೆ ಮುಖ ಅದ್ದಲು ಹೆದರುವ ನಿನ್ನ ಅರವತ್ತು ವರ್ಷದ ಶಿಷ್ಯರು, ಎಲ್ಲ ಹೇಳಿದೆ. ನಾನು ಹೂಂ ಅನ್ನುವುದೂ ಅಪರೂಪವಾಯಿತು. ಐದನೇ ದಿನದಿಂದ ನೀನು ಬೋರ್ಡುಗಳನ್ನು ಓದತೊಡಗಿದೆ. ಬಟ್ಟೆ ಇಸ್ತ್ರಿ, ಕೀಲಿ ಮಾಡಿಕೊಡಲಾಗುವುದು, ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ಡಾಕ್ಟರ ಪರೀಕ್ಷೆ ಪಾಸಾಗಬೇಕು, ಅಮ್ಮನ ಜೊತೆ ಆಡಲು ಮಾತಿಲ್ಲ, ಇನ್ನೇನು ಮಾಡುತ್ತೀಯ. ನನಗೆ ನಗು ಬಂತು, ನಗಲು ಆಗಲಿಲ್ಲ.

ಆ ಪರೀಕ್ಷೆಯಲ್ಲಿ ಫೇಲಾದವಳು ನಾನು, ಚಿಗರೆ. ಇಸ್ತ್ರಿ ಅಂಗಡಿ ದಾಟುವಷ್ಟರಲ್ಲಿ ನನ್ನ ಉಸಿರು ಮುಗಿದಿರುತ್ತಿತ್ತು. ದಿನಾ ಕನ್ನಡಕದ ಅಂಗಡಿಯ ಮುಂದೆ ನಿಂತು ಗಾಜಿನೊಳಗೆ ನೋಡುತ್ತಿದ್ದೆನಲ್ಲ, ನನಗೆ ಯಾವ ಕನ್ನಡಕವೂ ಬೇಕಿರಲಿಲ್ಲ. ನಿನ್ನಿಂದ ಹಿಂದುಳಿಯಲು ನೆಪ ಎಂದು ನೀನು ತಿಳಿದೆ. ನೆಪವೇ, ಆದರೆ ಉಸಿರು ಹಿಡಿಯಲು.

ಹನ್ನೊಂದನೇ ದಿನ ನೀರಿನ ಟ್ಯಾಂಕಿನ ಏರು ಹತ್ತಿ ನಿಂತಾಗ ನೀನು ಕೇಳಿದೆ, "ಅಮ್ಮ, ನನ್ನ ಮೇಲಿನ ಕೋಪ ಇನ್ನೂ ಹೋಗಿಲ್ವಾ?" ನಾನು ಕೈ ಆಡಿಸಿದೆ. ಸ್ವಲ್ಪ ತಾಳು ಎಂದು ಹೇಳಿದ್ದು ಅದು. ಬಿಡು ಆ ಮಾತು ಎಂದು ನಿನಗೆ ಕಂಡಿತು. ನೀನು ತಿರುಗಿ ಇಳಿದುಬಿಟ್ಟೆ, ನನಗೆ ಮಾತು ಬರುವಷ್ಟರಲ್ಲಿ ಮನೆಯ ಗೇಟು ಸೇರಿದ್ದೆ. ನಿನ್ನ ಮದುವೆಗೆ ಬಾರದೆ ಮೂರು ವರ್ಷ ಮುಖ ತಿರುಗಿಸಿ ಕುಳಿತವಳ ಮೌನವನ್ನು ಬೇರೆ ಹೇಗೆ ತಿಳಿಯಲು ಸಾಧ್ಯ?

ಉಸಿರು ಸಾಲುತ್ತಿಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಿದ್ದರೆ ನನಗಾಗಿ ನೀನು ನಡಿಗೆ ಬಿಡುತ್ತಿದ್ದೆ. ಜೊತೆಗೆ, ಬಾಣಂತನ ಮಾಡಲು ಬರಬೇಕಾದವಳೇ ಕುರ್ಚಿ ಕೇಳುವುದೆಂದರೆ ನಾಚಿಕೆ. ಈ ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಬೇಡ.

ಊರಿಗೆ ಬಂದ ಮೇಲೆ ಡಾಕ್ಟರಿಗೆ ತೋರಿಸಿಕೊಂಡೆ. ರಕ್ತ ಕಡಿಮೆಯಂತೆ, ಎದೆಗೇನೂ ಆಗಿಲ್ಲವಂತೆ, ಇಪ್ಪತ್ತೆಂಟು ವರ್ಷ ಲಿಫ್ಟಿನ ಸ್ಟೂಲಿನ ಮೇಲೆ ಕುಳಿತೇ ಇದ್ದ ಮೈಯಂತೆ. ಮಾತ್ರೆ ಕೊಟ್ಟು, ದಿನಾ ನಿಧಾನವಾಗಿ ನಡೆಯಿರಿ, ನಡೆಯುವಾಗ ಮಾತಾಡಲು ಆಗಬೇಕು ಎಂದರು. ಬಸುರಿಗೆ ಹೇಳಿದ್ದನ್ನೇ ನನಗೂ ಹೇಳುತ್ತಾರಲ್ಲ ಎಂದು ಈ ಸಲ ನಕ್ಕೇಬಿಟ್ಟೆ.

ನಾನು ಬರಲೇ, ಬೇಡವೇ? ನನಗಂತೂ ಬರಬೇಕೆಂದಿದೆ. ನೀನು ನಡಿಗೆ ಬಿಡಬೇಡ. ಅಳಿಯಂದಿರಿಗೆ ಬೂಟಿನ ವಿಷಯ ನೀನೇ ಹೇಳಿಬಿಡು.

ನಿನ್ನ,
ಅಮ್ಮ

ತಾ.ಕ.: ಈ ಕಾಗದಕ್ಕೆ ಲಕೋಟೆ ತರಲು ಮೂಲೆಯ ಅಂಗಡಿಗೆ ನಡೆದೇ ಹೋಗಿ ಬಂದೆ. ಏರಿನ ಮೇಲೆ ಕೊಡಬೇಕಿದ್ದ ಉತ್ತರವನ್ನು ದಾರಿಯುದ್ದಕ್ಕೂ ಜೋರಾಗಿ ಹೇಳಿಕೊಂಡೇ ನಡೆದೆ. "ಕೋಪ ಹೋಗಿ ಎರಡು ವರ್ಷ ಆಯ್ತು ಮಗಳೇ, ಬಂದು ಹೇಳೋಕೆ ಧೈರ್ಯ ಇರ್ಲಿಲ್ಲ." ಔಷಧಿ ಅಂಗಡಿಯವರು ಹೊರಗೆ ಬಂದು ನೋಡಿದರು. ನಾನು ಎಲ್ಲೂ ನಿಲ್ಲಲಿಲ್ಲ. ಉಸಿರು ಸಾಲಿತು.