ಒಂಬತ್ತು ದಿನ ಉಳಿಸಿದ ಪಂಚಾಕ್ಷರಯ್ಯನವರಿಗೆ

ಸೋಮನಕಟ್ಟೆ ಬಡಾವಣೆ, ತುಮಕೂರು
2141, ಎರಡನೆಯ ಮಳೆಗಾಲದ ಮೂವತ್ತೊಂದನೆಯ ದಿನ

ಪಂಚಾಕ್ಷರಯ್ಯನವರೇ,

ನಾನು ನಿಮ್ಮ ಮೊಮ್ಮಗನ ಮೊಮ್ಮಗಳು, ನೀಲಗಂಗೆ. ನೀವು ಈಗ ಪಾಯ ಮುಗಿಸಿ ನಿಂತಿದ್ದೀರಲ್ಲ, ಅದೇ ಮನೆಯಲ್ಲಿ ನೂರಹದಿನೇಳು ವರ್ಷಗಳ ನಂತರ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕಾಲದ ಪದ್ಧತಿಯಂತೆ ನಮಸ್ಕಾರದಿಂದ ಶುರುಮಾಡಬೇಕಿತ್ತು. ಮನಸ್ಸು ಬರಲಿಲ್ಲ. ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ.

ಇದು ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಇಡೀ ಆಯುಸ್ಸಿನಲ್ಲಿ ಒಂದೇ ಕಾಗದಕ್ಕೆ ಅವಕಾಶ. ಹೆಚ್ಚಿನವರು ಸತ್ತುಹೋದ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನೂ ಅಮ್ಮನಿಗೆ ಬರೆಯಬೇಕೆಂದು ಎತ್ತಿಟ್ಟುಕೊಂಡಿದ್ದೆ. ಆದರೆ ಅವಳಿಗೆ ಏನೆಂದು ಬರೆಯಲಿ? ಗೋಡೆಯಿಂದ ದೂರ ಮಲಗು ಎಂದೇ? ಈ ಮನೆಯಲ್ಲಿ ಅವಳಿಗೆ ಒಣಗಿದ ಗೋಡೆಯೇ ಇರಲಿಲ್ಲ. ನಲವತ್ತೊಂದನೆಯ ವಯಸ್ಸಿಗೆ ಅವಳ ಶ್ವಾಸಕೋಶವನ್ನು ಬೂಷ್ಟು ತಿಂದುಹಾಕಿತು. ಹಾಗಾಗಿ ನನ್ನ ಒಂದೇ ಒಂದು ಕಾಗದವನ್ನು ನಿಮ್ಮ ಮೇಲೆ ದಂಡ ಮಾಡುತ್ತಿದ್ದೇನೆ.

ನಮ್ಮ ದಿನ ಹೇಗೆ ಶುರುವಾಗುತ್ತದೆ ಎಂದು ತಿಳಿದುಕೊಳ್ಳಿ. ಎದ್ದ ಕೂಡಲೇ ಬಾಗಿಲ ಹಿಂದಿನ ತೆಂಗಿನ ಚಿಪ್ಪು ತೆಗೆದುಕೊಂಡು ಗೋಡೆ ಕೆರೆಯುತ್ತೇವೆ. ರಾತ್ರಿಯೆಲ್ಲ ಇಟ್ಟಿಗೆಯಿಂದ ಬೆಳ್ಳಗೆ ಉಪ್ಪು ಹೊರಬಂದಿರುತ್ತದೆ. ಇದಕ್ಕೆ ಉಪ್ಪುಕೊಯ್ಲು ಎನ್ನುತ್ತೇವೆ. ಕೆರೆಯದಿದ್ದರೆ ಮಧ್ಯಾಹ್ನದೊಳಗೆ ಗಾರೆ ಉದುರಿ ಅನ್ನದ ಪಾತ್ರೆಗೆ ಬೀಳುತ್ತದೆ. ಅಕ್ಕಿ, ರಾಗಿ, ಬಟ್ಟೆ ಎಲ್ಲವನ್ನೂ ಸೂರಿಗೆ ತೂಗುಹಾಕಿದ್ದೇವೆ, ನೆಲದ ಮೇಲೆ ಏನನ್ನೂ ಇಡುವಂತಿಲ್ಲ. ಮಲಗುವಾಗ ಮುಖಕ್ಕೆ ಉಸಿರುಚೀಲ ಕಟ್ಟಿಕೊಳ್ಳುತ್ತೇವೆ. ಹತ್ತು ವರ್ಷದ ನನ್ನ ಮಗಳು ಮುಕ್ತಾಳ ಕೆನ್ನೆಯ ಮೇಲೆ ಅದರ ದಾರದ ಗುರುತು ಶಾಶ್ವತವಾಗಿ ಕೂತಿದೆ. ಬೇರೆ ಮನೆಗೆ ಹೋಗಬಾರದೇ ಎಂದು ನೀವು ಕೇಳಬಹುದು. ನಮಗೆ ನಿಂತಮನೆ ಕಾಯ್ದೆ ಇದೆ. ಸಿಮೆಂಟು ಸುಡುವುದು ನಿಂತು ಅರವತ್ತು ವರ್ಷವಾಯಿತು, ಹೊಸ ಮನೆ ಎಂಬುದೇ ಇಲ್ಲ. ಹುಟ್ಟಿದ ಮನೆಯೇ ಗತಿ, ಅದು ಹೋದರೆ ತಗಡಿನ ಸಾಲಿನಲ್ಲಿ ಒಂದು ಮಂಚ.

ಪ್ರತಿವರ್ಷ ಎರಡನೆಯ ಮಳೆಗಾಲ ಮುಗಿದ ಮೇಲೆ ತೇವ ಅಳೆಯುವ ಸರ್ಕಾರದವರು, ನಮ್ಮ ಮಾತಿನಲ್ಲಿ ತೇವದವರು, ಬಂದು, ನೀರು ಗೋಡೆಯಲ್ಲಿ ಎಷ್ಟು ಎತ್ತರಕ್ಕೆ ಏರಿದೆಯೋ ಅಲ್ಲಿ ನೀಲಿ ಸುಣ್ಣದಲ್ಲಿ ಗೆರೆ ಎಳೆದು ಹೋಗುತ್ತಾರೆ. ಗೆರೆ ದೊಡ್ಡವರ ಎದೆಮಟ್ಟ ಮುಟ್ಟಿದರೆ ಮನೆಗೆ ಬೀಗ. ಹೋದ ವರ್ಷದ ಗೆರೆ ಮುಕ್ತಾಳ ಭುಜದವರೆಗೆ ಇತ್ತು. ಈ ವರ್ಷ ಅವರು ಬರಲು ಇನ್ನು ಹತ್ತೊಂಬತ್ತು ದಿನವಿದೆ.

ಅದಕ್ಕೇ ಗೋಡೆ ಕುಯ್ಯಿಸುತ್ತಿದ್ದೇನೆ. ಸಣ್ಣೀರಮ್ಮ ಎಂಬಾಕೆ ಈ ಕೆಲಸದಲ್ಲಿ ನುರಿತವಳು. ಪಾಯದ ಮೇಲಿನ ಮೊದಲ ವರಸೆಯಲ್ಲಿ ಒಂದು ಮೊಳ ಉದ್ದ ಇಟ್ಟಿಗೆ ಬಿಡಿಸಿ, ನೀರು ದಾಟದ ಹಾಳೆ ಹಾಸಿ, ಮತ್ತೆ ಇಟ್ಟಿಗೆ ಕೂರಿಸಿ, ಸಂದಿಯಿಲ್ಲದಂತೆ ಗಾರೆ ತುರುಕಬೇಕು. ಪಕ್ಕದ ಮೊಳವನ್ನು ಆಗಲೇ ಮುಟ್ಟುವಂತಿಲ್ಲ. ಗಾರೆ ಗಟ್ಟಿಯಾಗಲು ವಾರ ಕಾಯಬೇಕು, ಇಲ್ಲವಾದರೆ ಗೋಡೆ ಮೈಮೇಲೆ ಬರುತ್ತದೆ. ಹೀಗೆ ಒಂದೂವರೆ ವರ್ಷದಿಂದ ಹಲ್ಲು ಕೀಳಿಸಿಕೊಂಡವರಂತೆ ಬದುಕುತ್ತಿದ್ದೇವೆ. ಮೊದಲ ಇಟ್ಟಿಗೆ ತೆಗೆದ ದಿನ ಸಣ್ಣೀರಮ್ಮ ಅದನ್ನು ಕೈಯಲ್ಲಿ ಹಿಂಡಿದಂತೆ ಮಾಡಿ, "ಏನವ್ವಾ, ನಿಮ್ ತಾತ ಗೋಡೆ ಕಟ್ಟವ್ನೋ, ದೀಪದ ಬತ್ತಿ ಹೊಸೆದವ್ನೋ" ಎಂದಳು. ನಾನು ಆಗ ನಿಮ್ಮ ಪರ ವಹಿಸಿಕೊಂಡೆ. "ಆ ಕಾಲದೋರಿಗೆ ಗೊತ್ತಿರಲಿಲ್ಲ ಕಣಮ್ಮ" ಎಂದೆ. ಆ ಮಾತಿಗೆ ಈಗಲೂ ನನಗೆ ನನ್ನ ಮೇಲೆ ಸಿಟ್ಟಿದೆ.

ನಮ್ಮಲ್ಲಿ ಹಬ್ಬಹಬ್ಬಕ್ಕೂ ನಿಮ್ಮ ಕಥೆ ಹೇಳುತ್ತಿದ್ದರು. ಎದುರು ಸೈಟಿನಲ್ಲಿ ನಿಮ್ಮ ಷಡ್ಡಕರೂ ಮನೆ ಎಬ್ಬಿಸುತ್ತಿದ್ದರಂತೆ. ಅವರ ಗೃಹಪ್ರವೇಶ ಶ್ರಾವಣದಲ್ಲಿ. ನೀವು ಪಾಯ ತೋಡುವ ಮೊದಲೇ ಜ್ಯೇಷ್ಠದ ಕೊನೆಯ ಮುಹೂರ್ತ ಹಿಡಿದು, ಕಾರ್ಡು ಅಚ್ಚು ಹಾಕಿಸಿ, ಆ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಮನೆ ಕಟ್ಟಿಸಿದಿರಿ. ಆಷಾಢ ಹೊಕ್ಕರೆ ಷಡ್ಡಕರ ಜೊತೆಗೇ ಹಾಲುಕ್ಕಿಸಬೇಕಲ್ಲ. ಹೇಳಿದ ಮುಹೂರ್ತಕ್ಕೆ ಹೇಳಿದಂತೆ ಹಾಲುಕ್ಕಿಸಿದ ಗಂಡು ಎಂದು ನನ್ನ ಅಜ್ಜ ಎದೆಯುಬ್ಬಿಸಿ ಹೇಳುತ್ತಿದ್ದ, ಹೇಳುತ್ತಲೇ ಕೆಮ್ಮುತ್ತಿದ್ದ.

ಹೋದ ತಿಂಗಳು ದೇವರ ಕೋಣೆಯ ಗೋಡೆ ಕುಯ್ದೆವು. ಇಟ್ಟಿಗೆ ಎತ್ತಿದಾಗ ಪಾಯದ ಗಾರೆಯ ಮೇಲೆ ಅಕ್ಷರಗಳು ಕಂಡವು. ಗಾರೆ ಹಸಿಯಿರುವಾಗ ಯಾರೋ ಮೊಳೆಯಲ್ಲಿ ಗೀರಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿದೆ. "ಡಾಂಬರ್ ಹಾಳೆ ಹಾಕಿಲ್ಲ. ಒಂಬತ್ತು ದಿನ ಕೇಳಿದೆ. ಯಜಮಾನ್ರು ಬ್ಯಾಡ ಅಂದ್ರು. ಸುರುಳಿ ಇಲ್ಲೇ ಕೆಳಗೈತೆ. ಮೇಸ್ತ್ರಿ ಗಂಗಹನುಮಯ್ಯ."

ನೆಲ ಅಗೆದೆವು. ಸಿಮೆಂಟು ಚೀಲದಲ್ಲಿ ಸುತ್ತಿದ ಸುರುಳಿ ಹಾಗೇ ಇತ್ತು, ಅಂಗಡಿಯ ದಾರ ಕೂಡ ಬಿಚ್ಚಿರಲಿಲ್ಲ. ಬಿಡಿಸಲು ಹೋದರೆ ಹಪ್ಪಳದಂತೆ ಮುರಿಯಿತು.

ಅಂದರೆ ನಿಮಗೆ ಗೊತ್ತಿತ್ತು. ಹಾಳೆಯೂ ಮನೆಯಲ್ಲೇ ಇತ್ತು. ಕಟ್ಟೆಯ ಕೆಳಗಿನ ಜವುಗು ನೆಲ, ಅಡ್ಡ ಇಲ್ಲದಿದ್ದರೆ ನೀರು ಇಟ್ಟಿಗೆ ಹಿಡಿದು ಏರುತ್ತದೆ ಎಂದು ಆ ಮನುಷ್ಯ ಬಾಯಿಬಿಟ್ಟು ಹೇಳಿರಲೇಬೇಕು. ಸಣ್ಣೀರಮ್ಮನ ಲೆಕ್ಕದಂತೆ ಆ ಒಂಬತ್ತು ದಿನದಲ್ಲಿ ಏಳು ದಿನ ಪಾಯಕ್ಕೆ ನೀರುಣಿಸಲು, ಎರಡು ದಿನ ಒಣಗಿಸಿ ಹಾಳೆ ಹಾಸಲು ಕೇಳಿದ್ದ. ಷಡ್ಡಕರ ಮುಂದೆ ಮೀಸೆ ತಿರುವಲು ನೀವು ಅದನ್ನೂ ಕೊಡಲಿಲ್ಲ. ಷಡ್ಡಕರ ಮನೆಗೆ ಹಾಳೆ ಹಾಕಿದ್ದರು. ಅದು ಈಗಲೂ ಎದುರಿಗೇ ಒಣಗಿ ನಿಂತಿದೆ, ಅವರ ಮಕ್ಕಳು ಗೋಡೆಗೆ ಒರಗಿಕೊಂಡು ಪಾಠ ಓದುತ್ತಾರೆ. ಮುಕ್ತಾ ಕಿಟಕಿಯಿಂದ ನೋಡುತ್ತಾಳೆ. ನಿಮ್ಮನ್ನು ನಾನು ದ್ವೇಷಿಸುತ್ತೇನೆ, ಇದನ್ನು ಸುತ್ತಿಬಳಸಿ ಹೇಳುವ ಅಗತ್ಯ ಕಾಣುವುದಿಲ್ಲ.

ಇನ್ನು ಒಂದು ಮೊಳ ಗೋಡೆ ಉಳಿದಿದೆ, ನಡುಮನೆಯಲ್ಲಿ ನಿಮ್ಮ ಫೋಟೋ ತೂಗುಹಾಕಿದ್ದ ಜಾಗ. ಫೋಟೋ ಇಳಿಸಿದ್ದೇನೆ. ಮುಖ ಬೂಷ್ಟಿನಲ್ಲಿ ಹೋಗಿ ಪೇಟ ಮಾತ್ರ ಉಳಿದಿದೆ. ಮತ್ತೆ ತೂಗುಹಾಕುವುದಿಲ್ಲ. ಆದರೆ ಕುಯ್ದು ಮುಗಿಸಿದರೂ ಮೇಲೇರಿದ ನೀರು ಆರಲು ಎರಡು ಬೇಸಿಗೆ ಬೇಕೆಂದು ಸಣ್ಣೀರಮ್ಮ ಹೇಳುತ್ತಾಳೆ. ತೇವದವರು ಹತ್ತೊಂಬತ್ತು ದಿನದಲ್ಲಿ ಬರುತ್ತಾರೆ. ಅವರಿಗೆ ಕಾಣುವುದು ಗೆರೆ ಮಾತ್ರ, ನಮ್ಮ ಕೆಲಸವಲ್ಲ.

ಈ ಕಾಗದ ನಿಮ್ಮ ಕೈಸೇರುವ ಬೆಳಿಗ್ಗೆ ಗಂಗಹನುಮಯ್ಯನವರು ಸುರುಳಿಯನ್ನು ಪಾಯದ ಮೇಲಿಟ್ಟುಕೊಂಡು ನಿಮ್ಮ ದಾರಿ ಕಾಯುತ್ತಿರುತ್ತಾರೆ. ಹೋಗಿ, ಹಾಕಪ್ಪ ಎಂದು ಒಂದು ಮಾತು ಹೇಳಿ. ಕಾರ್ಡು ಒಲೆಗೆ ಹಾಕಿ. ಷಡ್ಡಕರ ಜೊತೆಗೇ ಹಾಲುಕ್ಕಿಸಿ, ಜನ ನಗಲಿ.

ಹಿನ್ನಂಚೆ ಫಲ ಕೊಟ್ಟರೆ ಕಳಿಸಿದವರಿಗೆ ತಿಳಿಯುವುದೇ ಇಲ್ಲವಂತೆ, ಯಾಕೆಂದರೆ ಅವರು ಬರೆದೇ ಇರುವುದಿಲ್ಲ. ಕೊಡದಿದ್ದರೆ ಮಾತ್ರ ತಿಳಿಯುತ್ತದೆ. ನಾಳೆ ಬೆಳಿಗ್ಗೆ ಎದ್ದು ಬಾಗಿಲ ಹಿಂದೆ ಕೈಹಾಕುತ್ತೇನೆ. ಚಿಪ್ಪು ಅಲ್ಲೇ ಇದ್ದರೆ ನಿಮ್ಮ ಉತ್ತರ ತಲುಪಿತೆಂದುಕೊಂಡು ಗೋಡೆ ಕೆರೆಯಲು ಕೂರುತ್ತೇನೆ.

ನೀಲಗಂಗೆ