ಭಾನುವಾರದವರೆಗೆ ತಡೆದ ಚಿಟ್ಟೆ

ಮಾರ್ಚ್ 3, ಮಂಗಳವಾರ
ಮೂರು ಫ್ರಿಜ್ ರಿಪೇರಿ, ಎರಡಕ್ಕೆ ಗ್ಯಾಸ್ ತುಂಬಿದ್ದಾಯಿತು. ಮನೆಗೆ ಬಂದೊಡನೆ ಜಾಡಿ ನೋಡಿದೆ. ಬೆಳಗ್ಗೆ ಇಟ್ಟ ನಿಂಬೆ ಎಲೆಯನ್ನೆಲ್ಲ ಹುಳು ಗುಳುಂ ಮಾಡಿದೆ. ಹೊಟ್ಟೆಬಾಕ! ಮಗಳು ಬಿಟ್ಟುಹೋದದ್ದು. "ಅಮ್ಮ ಮನೇಲಿ ಬೇಡ ಅಂದ್ಲು, ನೀನೇ ಸಾಕಪ್ಪಾ" ಎಂದಿದ್ದಳು. ನಾನು ಉಣ್ಣುವಾಗ ಜೊತೆಗೆ ತಿನ್ನುವ ಜೀವ ಇದೊಂದೇ.

ಮಾರ್ಚ್ 8, ಭಾನುವಾರ
ಮಗಳು ಬಂದಿದ್ದಳು. ಎರಡು ವಾರಕ್ಕೊಮ್ಮೆ, ಹತ್ತರಿಂದ ಆರರವರೆಗೆ — ಕೋರ್ಟ್ ಹಾಕಿಕೊಟ್ಟ ವೇಳೆ. ಹುಳು ನಿನ್ನೆಯೇ ಕಡ್ಡಿಗೆ ಅಂಟಿ ಕೋಶವಾಗಿದೆ. ಜಾಡಿಗೆ ಮೂಗು ತಾಗಿಸಿ ಕೂತಳು.
"ಅಪ್ಪಾ, ಚಿಟ್ಟೆ ಆಚೆ ಬರೋದನ್ನ ನಾನು ನೋಡ್ಲೇಬೇಕು. ನಾನಿಲ್ದಾಗ ಬಂದ್ರೆ ನಿನ್ ಜೊತೆ ಟೂ!"
"ಆಯ್ತು ತಾಯಿ, ಅದಕ್ಕೆ ಹೇಳಿಡ್ತೀನಿ."
ಆರಕ್ಕೆ ಹೊರಟಳು. ಮನೆ ಬಿಕೋ ಎನ್ನುತ್ತಿದೆ.

ಮಾರ್ಚ್ 19, ಗುರುವಾರ — ಬೆಳಗ್ಗೆ 7
ಅಯ್ಯೋ, ಕೋಶ ಕಪ್ಪಾಗಿದೆ. ಒಳಗೆ ರೆಕ್ಕೆಯ ಹಳದಿ ಚುಕ್ಕೆಗಳು ಕಾಣುತ್ತಿವೆ. ಇವತ್ತೋ ನಾಳೆಯೋ ಬಂದೇಬಿಡುತ್ತದೆ. ಅವಳು ಬರಲು ಇನ್ನೂ ಮೂರು ದಿನ...

7.40
ಫ್ರಿಜ್ಜಿನಲ್ಲಿಟ್ಟೆ. ತರಕಾರಿ ಟ್ರೇ, ಎಂಟು ಡಿಗ್ರಿ. ಇಪ್ಪತ್ತು ವರ್ಷದಿಂದ ಇದೇ ಕಸುಬು. ತಣ್ಣಗಿಟ್ಟರೆ ಯಾವುದು ಎಷ್ಟು ದಿನ ತಡೆಯುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾರ್ಚ್ 21, ಶನಿವಾರ
ಸಂಜೆ ಹೊರಗೆ ತೆಗೆದೆ. ಚಿಟ್ಟೆ ಇನ್ನೂ ಬಂದಿಲ್ಲ. ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 22, ಭಾನುವಾರ
ಹನ್ನೊಂದಕ್ಕೆ ಕೋಶ ಬಿರಿಯಿತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಆ ಹತ್ತು ನಿಮಿಷ ನನಗೆ ಬೇರೇನೂ ಬೇಕಿರಲಿಲ್ಲ.
ಎಡ ರೆಕ್ಕೆ ಬಿಚ್ಚಿತು. ಬಲದ್ದು ಮುದುಡಿಯೇ ಉಳಿಯಿತು. ಒಂದು ಗಂಟೆ ಕಾದೆವು. ಮೂರು ಗಂಟೆ.
"ಯಾಕಪ್ಪಾ ಹಿಂಗೆ?"
ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ. "ನೀನು ಬರೋವರೆಗೂ ತಡೀಲಿ ಅಂತ ಗುರುವಾರ ಫ್ರಿಜ್ಜಲ್ಲಿಟ್ಟಿದ್ದೆ ಕಣಮ್ಮಾ. ನಂದೇ ತಪ್ಪು."
ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ.
"ಗುರುವಾರ ಒಂದು ಫೋನ್ ಮಾಡಿದ್ರೆ ವೀಡಿಯೋದಲ್ಲಿ ನೋಡ್ತಿದ್ನಲ್ಲಪ್ಪಾ. ನೀನು ಯಾವತ್ತೂ ಮಾಡೋದೇ ಇಲ್ಲ."
ನಿಜ, ಮಾಡುವುದಿಲ್ಲ. ಅವಳಮ್ಮ ಎತ್ತಿಬಿಟ್ಟರೆ ಅಂತ ಹೆದರಿಕೆ. ಆ ಹೆದರಿಕೆಗೆ ಒಂದು ರೆಕ್ಕೆ ಹೋಯಿತು.

ಮಾರ್ಚ್ 23, ಸೋಮವಾರ — ಸಂಜೆ 7
ಹತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಇಟ್ಟೆ. ಸುರುಳಿ ನಾಲಿಗೆ ಬಿಚ್ಚಿ ಕುಡಿಯುತ್ತಿದೆ! ಹಾರಲಾರದು, ಹಸಿವೆಗೇನೂ ಕಮ್ಮಿಯಿಲ್ಲ. ಮಗಳು ಇದನ್ನು ಈಗಲೇ ನೋಡಬೇಕು. ಫೋನ್ ಎಡಗೈಯಲ್ಲಿದೆ, ಪೆನ್ನು ಬಲಗೈಯಲ್ಲಿ. ರಿಂಗಾಗುತ್ತಿದೆ. ಅವಳಮ್ಮನೇ ಎತ್ತಲಿ, ಏನಾದರೂ ಅನ್ನಲಿ, ಮಗಳಿಗೆ ಕೊಡು ಅಂತ— ಹಾಂ, ಯಾರೋ ಎತ್ತಿದರು.